ಅರ್ಧಕ್ಕೆ ಕೇಳುವ ವಿದ್ಯೆ

ಹೆಂಡತಿ: ಮೇಜು ಬಿಡ್ತೀರೋ ಇಲ್ವೋ? ಇಪ್ಪತ್ತೆರಡು ದಿನ ಆಯ್ತು, ಹೊಲಿಗೆ ಮೆಷಿನ್ ನೆಲದ ಮೇಲಿಟ್ಕೊಂಡು ಕೂತಿದ್ದೀನಿ. ಮಂಡಿ ಎರಡೂ ಕಿರುಗುಟ್ತಿವೆ. ಎಣ್ಣೆ ಮೆಷಿನ್‌ಗೆ ಬಿಡಲೋ ಮಂಡಿಗೆ ಬಿಡಲೋ ಗೊತ್ತಾಗ್ತಿಲ್ಲ.

ಗಂಡ: ತಪಸ್ಸಿಗೆ ಕೂತವನನ್ನ ಎಬ್ಬಿಸಬಾರದು ಕಣೇ.

ಹೆಂಡತಿ: ತಪಸ್ಸಂತೆ! ಮೊದಲನೇ ವಾರ ನಿಮ್ಮ ಹೆಸರನ್ನೇ ಸಾವಿರ ಸಲ ಸ್ಕ್ರೀನ್ ಮೇಲೆ ಬರೆಸಿದ್ರಿ.

ಗಂಡ: ಅದು ಸಹಸ್ರನಾಮ.

ಹೆಂಡತಿ: ಎರಡನೇ ವಾರ ನಾಣ್ಯ ಚಿಮ್ಮೋ ಪ್ರೋಗ್ರಾಂ. ನಾಣ್ಯ ಜೇಬಲ್ಲೇ ಇತ್ತಲ್ಲ?

ಗಂಡ: ಅದು ಉರುಳಿ ಮಂಚದ ಕೆಳಗೆ ಹೋಗುತ್ತೆ. ಇದು ಹೋಗಲ್ಲ.

ಯಜಮಾನರದು ಕನ್ನಡಕದ ಅಂಗಡಿ. ಊರಿನವರ ಕಣ್ಣಿಗೆಲ್ಲ ಬೆಳಕು ಕೊಟ್ಟ ಈ ಮಹಾನುಭಾವರು ಐವತ್ತೆರಡನೇ ವಯಸ್ಸಿನಲ್ಲಿ, ಆಟವಾಡುತ್ತ ಪ್ರೋಗ್ರಾಮಿಂಗ್ ಕಲಿಸುವ ಪುಸ್ತಕವೊಂದನ್ನು ಕೊಂಡು ತಂದು, ಕಂಪ್ಯೂಟರ್ ಸಮೇತ ಕಿಟಕಿ ಪಕ್ಕದ ಮೇಜಿನ ಮೇಲೆ ದಂಡೆತ್ತಿ ಹೋದರು. ಮೇಜು ಹೊಲಿಗೆ ಹಾಕುವ ಹೆಂಡತಿಯದು. ಸೋಮವಾರದೊಳಗೆ ಆಕೆ ಒಂದು ಹಾಸ್ಟೆಲ್ಲಿಗೆ ನಲವತ್ತು ದಿಂಬಿನ ಕವರ್ ಹೊಲಿದು ಕೊಡಬೇಕು. ಬೆಳಕು ಬರುವುದು ಆ ಕಿಟಕಿಯಲ್ಲಿ ಮಾತ್ರ. ಇವರಿಬ್ಬರ ನಡುವೆ, ನಾಲ್ಕು ದಿನ ಇದ್ದು ಹೋಗಲು ಬಂದ ಯಜಮಾನರ ಅಕ್ಕ, ಕುರ್ಚಿಯಲ್ಲಿ ಕೂತು ಸ್ವೆಟರ್ ಹೆಣೆಯುತ್ತಿದ್ದರು.

ಅಕ್ಕ: ಲೋ, ಕೊಟ್ಟುಬಿಡೋ ಮೇಜು. ಪಾಪ, ಅವಳು ನೆಲದಿಂದ ಏಳೋವಾಗ ಗೋಡೆ ಹಿಡ್ಕೊಂಡು ಏಳ್ತಾಳೆ.

ಗಂಡ: ಕೊಡ್ತೀನಿ ಅಕ್ಕ, ಸುಮ್ನೆ ಅಲ್ಲ. ಗೆದ್ದು ತಗೊಳ್ಳಲಿ. ಈ ವಾರ ಒಂದು ಆಟ ಮಾಡಿದ್ದೀನಿ. ಕಂಪ್ಯೂಟರ್ ಮನಸ್ಸಲ್ಲಿ ಒಂದರಿಂದ ನೂರರೊಳಗೆ ಒಂದು ಸಂಖ್ಯೆ ಇಟ್ಕೊಳ್ಳುತ್ತೆ. ನೀನು ಹೇಳಿದ್ದು ತಪ್ಪಾದ್ರೆ ‘ಮೇಲೆ ಹತ್ತಿರಿ’ ಅನ್ನುತ್ತೆ, ಇಲ್ಲಾ ‘ಕೆಳಗಿಳಿಯಿರಿ’ ಅನ್ನುತ್ತೆ. ಏಳು ಅವಕಾಶ. ಗೆದ್ರೆ ಮೇಜು ನಿಂದು.

ಹೆಂಡತಿ: ಏಳಾ? ಅಷ್ಟೊಂದು ಯಾಕೆ?

ಗಂಡ: (ನಕ್ಕು) ಕೇಳಿದ್ಯಾ ಅಕ್ಕ? ನೂರರಲ್ಲಿ ಏಳು! ಕಣ್ಣು ಕಟ್ಕೊಂಡು ಗೋಣಿಚೀಲದಲ್ಲಿ ಸೂಜಿ ಹುಡುಕಿದ ಹಾಗೆ.

ಹೆಂಡತಿ: ಸೂಜಿ ಹುಡುಕೋದು ನನ್ನ ದಿನದ ಕೆಲಸಾನೇ ರೀ. ಐವತ್ತು.

ಗಂಡ: ‘ಕೆಳಗಿಳಿಯಿರಿ.’

ಹೆಂಡತಿ: ಇಪ್ಪತ್ತೈದು.

ಗಂಡ: ‘ಮೇಲೆ ಹತ್ತಿರಿ.’ ಸ್ವಲ್ಪ ಯೋಚನೆ ಮಾಡಿ ಹೇಳೇ!

ಹೆಂಡತಿ: ಮೂವತ್ತೇಳು. ಹತ್ತಬೇಕಾ? ನಲವತ್ತಮೂರು. ಇಳೀಬೇಕಾ? ನಲವತ್ತು. ಹತ್ತಬೇಕಾ? ಹಾಗಾದ್ರೆ ನಲವತ್ತೊಂದು.

ಸ್ಕ್ರೀನ್ ಏನೂ ಹೇಳಲಿಲ್ಲ. ಎಲ್ಲರೂ ಕಾದರು. ಅದೂ ಕಾಯಿತು.

ಅಕ್ಕ: ಯಾಕೋ, ಮೂರ್ಛೆ ಹೋಯ್ತಾ ಇದಕ್ಕೆ?

ಗಂಡ: (ಮೆಲ್ಲಗೆ) ಇಲ್ಲ… ಗೆದ್ರೆ ಏನು ಹೇಳಬೇಕು ಅಂತ ಬರೆದಿರ್ಲಿಲ್ಲ. ಯಾರೂ ಗೆಲ್ಲಲ್ಲ ಅಂದ್ಕೊಂಡಿದ್ದೆ.

ಹೆಂಡತಿ: ಥೇಟ್ ನಿಮ್ಮ ಹಾಗೇ ಇದೆ. ಸೋತಾಗ ಬಾಯಿಗೆ ಬೀಗ. ಏಳಿ, ಮೇಜು ಬಿಡಿ.

ಗಂಡ: ಇದು ಕುರುಡು ಅದೃಷ್ಟ! ಲೆಕ್ಕಕ್ಕಿಲ್ಲ. ಈಗ ಒಂದರಿಂದ ಸಾವಿರ. ಎಷ್ಟು ಅವಕಾಶ ಬೇಕು ಕೇಳು, ಎಪ್ಪತ್ತು ಕೊಡ್ತೀನಿ.

ಹೆಂಡತಿ: ಮೂರು ಜಾಸ್ತಿ ಕೊಡಿ ಸಾಕು.

ಗಂಡ: ಹತ್ತು ಪಟ್ಟು ದೊಡ್ಡದಕ್ಕೆ ಬರೀ ಮೂರು ಜಾಸ್ತಿನಾ? ಅಕ್ಕ, ಇವಳಿಗೆ ತಲೆ ಕೆಟ್ಟಿದೆ!

ಯಜಮಾನರು ಎರಡು ತೋರುಬೆರಳಿನಿಂದ ಕೋಳಿ ಕಾಳು ಹೆಕ್ಕಿದಂತೆ ಕುಟ್ಟಿ ಸಾವಿರದ ಕೋಟೆ ಕಟ್ಟಿದರು. ಆಕೆ ದಿಂಬಿನ ಕವರಿನ ಅಂಚು ಮಡಚುತ್ತಲೇ ಒಂಬತ್ತನೇ ಏಟಿಗೆ ಅದನ್ನು ಕೆಡವಿದರು. ಈ ಸಲ ಸ್ಕ್ರೀನಿಗೆ ಮಾತು ಬಂದಿತ್ತು: ‘ಗೆದ್ದಿರಿ, ಅಕಸ್ಮಾತ್ತಾಗಿ.’

ಗಂಡ: ನಾನು ಅಂಗಡಿಗೆ ಹೋದಾಗ ಪ್ರೋಗ್ರಾಂ ಕದ್ದು ನೋಡಿದ್ದೀಯ!

ಹೆಂಡತಿ: ಪ್ರೋಗ್ರಾಂ ಬರೆದ ನಿಮಗೇ ಅರ್ಥ ಆಗಲ್ಲ, ನನಗೇನು ಅರ್ಥ ಆಗುತ್ತೆ?

ಗಂಡ: ಕೊನೇ ಆಟ. ನೂರೇ ಇರ್ಲಿ, ಏಳೇ ಇರ್ಲಿ. ಹತ್ತು ನಿಮಿಷ ಕೊಡು. ಸ್ವಲ್ಪ ಧೂಳು ಒರೆಸಬೇಕು, ಪ್ರೋಗ್ರಾಮಿಂದು.

ಧೂಳು ಒರೆಸುವಾಗ ಅವರು ಎರಡು ಸಲ ತಮ್ಮಷ್ಟಕ್ಕೇ ನಕ್ಕಿದ್ದನ್ನು ಅಕ್ಕ ನೋಡಿದರು. ಆಟ ಶುರುವಾಯಿತು.

ಹೆಂಡತಿ: ಐವತ್ತು. ಮೇಲಾ? ಎಪ್ಪತ್ತೈದು. ಕೆಳಗಾ? ಅರವತ್ತೆರಡು.

ಗಂಡ: ‘ಮೇಲೆ ಹತ್ತಿರಿ.’

ಹೆಂಡತಿ: ಅರವತ್ತೆಂಟು.

ಗಂಡ: ‘ಕೆಳಗಿಳಿಯಿರಿ.’

ಹೆಂಡತಿ: ಅರವತ್ತೈದು. ಮೇಲಾ? ಅರವತ್ತಾರು. ಇನ್ನೂ ಮೇಲಾ? ಹಾಗಾದ್ರೆ ಅರವತ್ತೇಳೇ. ಮುಗೀತು.

ಗಂಡ: ‘ಮೇಲೆ ಹತ್ತಿರಿ.’ ಏಳೂ ಮುಗೀತು! ಸೋತೆ! ಸೋತೆ! ಸೋತೆ!

ಹೆಂಡತಿ: ಒಂದ್ನಿಮಿಷ ಇರಿ. ಅರವತ್ತೆಂಟು ಅಂದಾಗ ಇಳಿ ಅಂತು. ಅರವತ್ತೇಳು ಅಂದ್ರೆ ಹತ್ತು ಅಂತಿದೆ. ಮಧ್ಯದಲ್ಲಿ ಏನಿದೆ ರೀ, ಅಟ್ಟನಾ?

ಗಂಡ: ಅದು… ಅರವತ್ತೇಳೂವರೆ ಇರಬಹುದು.

ಅಕ್ಕ: ಲೋ, ಆ ಪ್ರೋಗ್ರಾಂ ತೆಗೆಯೋ. ನಾನು ಓದ್ತೀನಿ.

ಗಂಡ: ಅದೆಲ್ಲ ಇಂಗ್ಲಿಷ್ ಅಕ್ಕ, ಆವರಣ, ಚುಕ್ಕಿ, ಸೊನ್ನೆ…

ಅಕ್ಕ: ಪಕ್ಕದಲ್ಲಿ ಕನ್ನಡದಲ್ಲಿ ಏನೋ ಬರೆದಿದೆಯಲ್ಲ?

ಇಲ್ಲಿ ಒಂದು ಮಾತು ಹೇಳಬೇಕು. ಪುಸ್ತಕದ ಎರಡನೇ ಪಾಠದಲ್ಲೇ ಒಂದು ನಿಯಮವಿದೆ: ಪ್ರತಿ ಸಾಲಿನ ಪಕ್ಕದಲ್ಲೂ ಅದನ್ನು ಏಕೆ ಬರೆದಿರಿ ಎಂದು ಟಿಪ್ಪಣಿ ಬರೆಯಿರಿ, ಮುಂದೆ ನಿಮಗೇ ನೆನಪಿರುವುದಿಲ್ಲ. ಯಜಮಾನರು ವಿಧೇಯ ವಿದ್ಯಾರ್ಥಿ. ಒಂದು ಸಾಲನ್ನೂ ಬಿಟ್ಟಿರಲಿಲ್ಲ.

ಅಕ್ಕ: (ಕನ್ನಡಕ ಏರಿಸಿ ಓದುತ್ತ) ‘ಇಲ್ಲಿ ಸಂಖ್ಯೆ ಇಟ್ಟುಕೊಳ್ಳುವುದು.’ ‘ಇಲ್ಲಿ ಅವಳ ಉತ್ತರ ಕೇಳುವುದು.’ ‘ಇಲ್ಲಿಂದ ಮೋಸ ಶುರು.’ ‘ಅವಳು ಸರಿಯಾಗಿ ಹೇಳಿದರೆ ಸಂಖ್ಯೆಯನ್ನು ಒಂದು ಮೇಲಕ್ಕೆ ಸರಿಸುವುದು.’ ‘ಇಲ್ಲಿಗೆ ಮೋಸ ಮುಗಿಯಿತು.’

ಹೆಂಡತಿ: ಆಹಾ! ಕಳ್ಳ ಕನ್ನ ಹಾಕಿ ಗೋಡೆ ಮೇಲೆ ವಿಳಾಸ ಬರೆದು ಹೋದ ಹಾಗಾಯ್ತು.

ಗಂಡ: ಪುಸ್ತಕದಲ್ಲಿ ಹಾಗೆ ಹೇಳಿತ್ತು ಕಣೇ…

ಕಂಪ್ಯೂಟರ್, ಮೌಸು, ಕೀಬೋರ್ಡು, ಪುಸ್ತಕ ಒಂದೊಂದಾಗಿ ಸ್ಟೂಲಿಗಿಳಿದವು. ಹೊಲಿಗೆ ಮೆಷಿನ್ನು ಕಿಟಕಿಯ ಬಳಿ ಸಿಂಹಾಸನವೇರಿತು. ಸೋತ ಯೋಧ ನೆಲದ ಮೇಲೆ ಕಾಲು ಮಡಚಿ ಕೂತು, ತನ್ನ ಮಂಡಿಯೂ ಕಿರುಗುಟ್ಟುವುದನ್ನು ಕೇಳಿದ.

ಗಂಡ: ಸರಿ, ಸೋತೆ. ಅದು ಹೇಗೆ ಮಾಡಿದ್ದು ಅಂತ ಆದ್ರೂ ಹೇಳೇ.

ಹೆಂಡತಿ: ಅರ್ಧಕ್ಕೆ ಕೇಳೋದು, ಅಷ್ಟೇ. ಬಟ್ಟೆಯಂಗಡಿಯವನು ನೂರು ಅಂದ್ರೆ ನಾನು ಐವತ್ತು ಅಂತೀನಿ. ಮುಖ ಸಿಂಡರಿಸಿದ್ರೆ ಮೇಲೆ, ಹಲ್ಲು ಕಿರಿದ್ರೆ ಕೆಳಗೆ. ಉಳಿದಿದ್ದರಲ್ಲಿ ಮತ್ತೆ ಅರ್ಧ. ಏಳು ಮಾತಲ್ಲಿ ಅವನ ಹೊಟ್ಟೆಯೊಳಗೆ ಇರೋ ಬೆಲೆ ಈಚೆ ಬರುತ್ತೆ.

ಯಜಮಾನರು ಪುಸ್ತಕದ ಮುಂದಿನ ಪಾಠ ತಿರುವಿ ನೋಡಿದರು. ಅಲ್ಲಿ ಇದೇ ವಿದ್ಯೆ ಹನ್ನೊಂದು ಪುಟ, ನಾಲ್ಕು ಚಿತ್ರಗಳ ಸಮೇತ ಪವಡಿಸಿತ್ತು. ಒಂದು ಪಾಠ ತಡವಾದದ್ದಕ್ಕೆ ಮೇಜು ಹೋಗಿತ್ತು! ಊಟ ಮುಗಿಸಿ ಮೂರು ಗಂಟೆ ಕುಟ್ಟಿದರು. ಸಂಜೆಗೆ ಎದ್ದು ನಿಂತರು, ಗೋಡೆ ಹಿಡಿದುಕೊಂಡು.

ಗಂಡ: ಆಟ ತಿರುಗಿಸಿದ್ದೀನಿ! ಈಗ ಸಂಖ್ಯೆ ಇಟ್ಕೊಳ್ಳೋದು ಮನುಷ್ಯರು, ಕಂಡುಹಿಡಿಯೋದು ಕಂಪ್ಯೂಟರ್. ಏಳರೊಳಗೆ ಹಿಡಿದ್ರೆ ಅರ್ಧ ಮೇಜು ನಂದು. ಒಪ್ಪಿಗೆನಾ?

ಹೆಂಡತಿ: ಒಪ್ಪಿಗೆ. ಸಂಖ್ಯೆ ಅತ್ತಿಗೆ ಇಟ್ಕೊಳ್ಳಲಿ. ಅವರು ನಿಮ್ಮ ಕಡೆಯೋರೇ, ಆಮೇಲೆ ನನ್ನ ಮೇಲೆ ಗೂಬೆ ಕೂರಿಸ್ಬೇಡಿ.

ಗಂಡ: ಬಾ ಅಕ್ಕ, ಒಡಹುಟ್ಟಿದವನ ಮಾನ ನಿನ್ನ ಕೈಯಲ್ಲಿದೆ. ಐವತ್ತಾ?

ಅಕ್ಕ: ಮೇಲೆ ಹತ್ತು.

ಗಂಡ: ಎಪ್ಪತ್ತೈದಂತೆ.

ಅಕ್ಕ: ಕೆಳಗೆ ಇಳಿ.

ಗಂಡ: ಅರವತ್ತೆರಡು? ಮೇಲಾ? ಅರವತ್ತೆಂಟು? ಮೇಲಾ? ಎಪ್ಪತ್ತೊಂದು?

ಅಕ್ಕ: (ಹೆಣಿಗೆ ನಿಲ್ಲಿಸಿ, ಸ್ವಲ್ಪ ಯೋಚಿಸಿ) ಮೇಲೆ ಹತ್ತು.

ಗಂಡ: ಎಪ್ಪತ್ತಮೂರು?

ಅಕ್ಕ: ಹತ್ತು ಹತ್ತು.

ಗಂಡ: ಏಳನೇದು! ಎಪ್ಪತ್ತನಾಲ್ಕೇ ಇರಬೇಕು, ಬೇರೆ ದಾರೀನೇ ಇಲ್ಲ!

ಅಕ್ಕ: ಮೇಲೆ.

ಸ್ಕ್ರೀನ್, ಯಜಮಾನರು ಮುನ್ನೆಚ್ಚರಿಕೆಯಿಂದ ಬರೆದಿಟ್ಟಿದ್ದ ಸಾಲನ್ನು ತೋರಿಸಿತು: ‘ನೀವು ಮೋಸ ಮಾಡುತ್ತಿದ್ದೀರಿ.’

ಗಂಡ: ಅಕ್ಕಾ! ನೀನು ನಿಜವಾಗ್ಲೂ ಇಟ್ಕೊಂಡಿದ್ದು ಎಷ್ಟು?

ಅಕ್ಕ: ಎಪ್ಪತ್ತೊಂದು ಕಣೋ.

ಗಂಡ: ಅದನ್ನ ಐದನೇ ಸಲಕ್ಕೇ ಹೇಳಿತ್ತಲ್ಲೇ!

ಅಕ್ಕ: ಹೇಳ್ತು. ಅದಕ್ಕೇ ಮೇಲಕ್ಕೆ ಸರಿಸಿದೆ. ಮನೆಗೆ ಹಿರಿಯಳು ನಾನು, ಒಂದು ಡಬ್ಬದ ಮುಂದೆ ಸೋತೆ ಅಂತ ಅನ್ನಿಸ್ಕೊಳ್ಳಲಾ?

ಹೆಂಡತಿ: (ಮೆಷಿನ್ ಚಕ್ರ ತಿರುಗಿಸುತ್ತ) ಟಿಪ್ಪಣಿ ಬರೆದುಕೊಳ್ಳಿ ರೀ: ‘ಇಲ್ಲಿಂದ ಮೋಸದ ವಂಶ ಶುರು.’