ಲಟ್ಟಣಿಗೆ ಹತ್ತಿದ ಒರೊಮೊ

ಹೀಲಿಕ್ಸಿಗೂ ಸುರುಳಿಗೂ ಇರುವ ವ್ಯತ್ಯಾಸ ತಿಳಿಯದ ಹೆಂಗಸಿನ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೇನೆಂದರೆ ಯಾರೂ ನಂಬುವುದಿಲ್ಲ. ನಮ್ಮ ಟೊಕ್ಮೊಕ್ ಊರಿನ ಅರ್ಧ ಜನಕ್ಕೆ ರೇಖಾಗಣಿತ ಕಲಿಸಿದವನು ನಾನು. (ಉಳಿದರ್ಧ ಫೇಲಾಯಿತು, ಅದು ನನ್ನ ತಪ್ಪಲ್ಲ.) ಆದರೆ ನನ್ನ ಹೆಂಡತಿ ಬುರುಲ್‌ಗೆ ತಿರುಗಿದ್ದೆಲ್ಲ ಸುರುಳಿಯೇ. ಊರ ಹತ್ತಿರದ ಬುರಾನಾ ಗೋಪುರದೊಳಗಿನ ಮೆಟ್ಟಿಲೂ ಸುರುಳಿ, ಖೀಮಾ ಯಂತ್ರದ ತಿರುಪೂ ಸುರುಳಿ.

"ನೋಡೇ, ಸುರುಳಿ ನೆಲದ ಮೇಲೆ ಮಲಗಿರುತ್ತೆ. ಸುತ್ತಿದಷ್ಟೂ ಅಗಲ ಆಗ್ತಾ ನಡುವಿನಿಂದ ದೂರ ಹೋಗುತ್ತೆ. ಹೀಲಿಕ್ಸ್ ಹಾಗಲ್ಲ, ಅಷ್ಟೇ ಅಗಲದಲ್ಲಿ ಸುತ್ತುತ್ತಾ ಮೇಲಕ್ಕೆ ಹತ್ತುತ್ತೆ. ಒಂದು ಸುತ್ತು ಮುಗಿದ್ರೆ ಹೊರಟ ಜಾಗಕ್ಕೇ ಬಂದಿರ್ತೀಯ, ಆದ್ರೆ ಒಂದು ಅಂತಸ್ತು ಮೇಲಿರ್ತೀಯ!"

"ಮೇಲಿರೋದು ಆಮೇಲೆ ಮೇಷ್ಟ್ರೇ, ಮೊದಲು ಈರುಳ್ಳಿ ಹೆಚ್ಚಿ," ಎಂದಳು.

ಅಂದು ನಮ್ಮ ಮಗಳು ಸೇಜಿಮ್‌ಗೆ ಓಲೆ ತೊಡಿಸಲು ಗಂಡಿನ ಕಡೆಯವರು ಬರುವವರಿದ್ದರು. ಓಲೆ ಕಿವಿಗೇರಿದರೆ ಸಂಬಂಧ ಗಟ್ಟಿ. ಹುಡುಗ ಅವಳೇ ಮೆಚ್ಚಿದವನು. ಆದರೆ ಹುಡುಗನ ತಾಯಿ ಉರ್ಕುಯಾ ಮೊದಲು ಅಡುಗೆ ನೋಡಿ, ಆಮೇಲೆ ಓಲೆಯ ಕೈಚೀಲ ತೆರೆಯುವ ಹೆಂಗಸೆಂದು ಊರೆಲ್ಲ ಪ್ರತೀತಿ.

ಬುರುಲ್ ಹಿಟ್ಟನ್ನು ತೆಳ್ಳಗೆ ಲಟ್ಟಿಸಿ, ಮಾಂಸ, ಈರುಳ್ಳಿ, ಕುಂಬಳಕಾಯಿ ಹರಡಿ, ಉದ್ದಕ್ಕೆ ಸುತ್ತಿ ಒರೊಮೊ ಸಿದ್ಧ ಮಾಡಿದಳು. "ಸೇಜಿಮ್‌ಗೆ ಜಡೆ ಹಾಕಿ ಬರ್ತೀನಿ. ಇದನ್ನ ಹಬೆಪಾತ್ರೆಯೊಳಗೆ ಸುತ್ತಿಟ್ಟು ಮುಚ್ಚಳ ಮುಚ್ಚಿ. ಅಷ್ಟೇ. ಬೇರೇನೂ ಯೋಚನೆ ಮಾಡಬೇಡಿ!"

ಯೋಚನೆ ಮಾಡಬೇಡವೆಂದು ಗಣಿತದ ಮೇಷ್ಟರಿಗೆ ಹೇಳುವುದೇ? ಹಬೆಪಾತ್ರೆಯ ಅಂತಸ್ತುಗಳನ್ನೆಲ್ಲ ತೆಗೆದು ಒಂದನ್ನೇ ಉಳಿಸಿಕೊಂಡೆ. ನಡುವೆ ಲಟ್ಟಣಿಗೆಯನ್ನು ನೆಟ್ಟಗೆ ನಿಲ್ಲಿಸಿ, ಅದರ ಸುತ್ತ ಒರೊಮೊವನ್ನು ಕೆಳಗಿನಿಂದ ಮೇಲಕ್ಕೆ ಹತ್ತಿಸಿದೆ. ಅಗಲದಲ್ಲಿ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ! ಪರಿಶುದ್ಧ, ಶಾಸ್ತ್ರೋಕ್ತ ಹೀಲಿಕ್ಸ್. ಮುಚ್ಚಳ ಕೂರಲಿಲ್ಲವಾದ್ದರಿಂದ ಬಟ್ಟೆ ಒಗೆಯುವ ಬೋಗುಣಿಯನ್ನು ಕವುಚಿದೆ. (ತೊಳೆದಿದ್ದೆ.)

ಬೀಗರು ಬಂದು ಕೂತದ್ದೇ ತಡ, ಎಲ್ಲರನ್ನೂ ಅಡುಗೆಮನೆಗೆ ಕರೆದೆ. "ಬೀಗಿತ್ತಿಯವರೇ, ಈ ಭೂಮಂಡಲದಲ್ಲಿ ಯಾರೂ ಮಾಡದ ಒರೊಮೊ ನೋಡಿ!" ಎಂದು ಬೋಗುಣಿ ಎತ್ತಿದೆ.

ಹಬೆ ಸರಿಯಿತು. ಲಟ್ಟಣಿಗೆ ಒಂಟಿಯಾಗಿ, ಬೆತ್ತಲೆಯಾಗಿ ನಿಂತಿತ್ತು. ಒರೊಮೊ ಪೂರ್ತಿ ಜಾರಿ ಅದರ ಬುಡದಲ್ಲಿ ಅಗಲವಾಗಿ ಹರಡಿಕೊಂಡು ಮಲಗಿತ್ತು.

"ಸುರುಳಿ," ಎಂದಳು ಬುರುಲ್.

ಸೇಜಿಮ್ ಅಳುವ ಮುಖ ಮಾಡಿದಳು. ಉರ್ಕುಯಾ ಪಾತ್ರೆಯೊಳಗೆ ಬಗ್ಗಿ ನೋಡಿ, "ಇದನ್ನ ಮಾಡಿದ್ದು ಯಾರು?" ಎಂದರು. ಬುರುಲ್ ಒಂದು ಕ್ಷಣವೂ ತಡಮಾಡದೆ ನನ್ನತ್ತ ಬೆರಳು ತೋರಿಸಿದಳು.

ಉರ್ಕುಯಾ ಗಂಡನ ಕಡೆ ತಿರುಗಿದರು. "ನೋಡಿದ್ರಾ? ಬೀಗರು ಒಲೆ ಮುಂದೆ ಹೇಗೆ ಬೆವರಿದ್ದಾರೆ! ನೀವು ಮದುವೆಯಾದಾಗಿಂದ ಒಂದು ಬಟ್ಟಲು ಚಹಾ ಕಾಸಿದ್ದುಂಟಾ? ಇಂಥ ಮನೆ ಹೆಣ್ಣೇ ಬೇಕು ನನಗೆ!" ಎಂದವರೇ ಅಲ್ಲೇ ಕೈಚೀಲ ಬಿಚ್ಚಿ ಓಲೆ ತೊಡಿಸಿಬಿಟ್ಟರು. "ಆದ್ರೆ ಬೀಗರೇ, ನಮ್ಮನೆ ಗಂಡಸರಿಗೂ ಇದನ್ನ ಕಲಿಸಿಕೊಡಬೇಕು. ಭಾನುವಾರ ಭಾನುವಾರ ಕಳಿಸ್ತೀನಿ."

ನಾನು ಗೆದ್ದ ಗತ್ತಿನಲ್ಲಿ ಒಪ್ಪಿಕೊಂಡೆ. ಮೇಷ್ಟರಿಗೆ ಶಿಷ್ಯರು ಸಿಕ್ಕರೆ ಇನ್ನೇನು ಬೇಕು?

ಈಗ ಭಾನುವಾರ ಬಂತೆಂದರೆ ಒಂದು ಪಕ್ಕ ಬೀಗರು, ಇನ್ನೊಂದು ಪಕ್ಕ ಅಳಿಯ, ನಡುವೆ ನಾನು ಹಿಟ್ಟು ನಾದುತ್ತೇನೆ. ಹೆಂಗಸರು ಒಳಗೆ ಚಹಾ ಕುಡಿಯುತ್ತಾ ನಗುತ್ತಾರೆ.

ಮೊನ್ನೆ ಬುರುಲ್ ಬಾಗಿಲಲ್ಲಿ ಬಂದು ನಿಂತಳು. "ಮೇಷ್ಟ್ರೇ, ನಿಮ್ಮ ಹೀಲಿಕ್ಸ್ ಈಗ ಅರ್ಥ ಆಯ್ತು. ಒಂದು ವಾರ ಸುತ್ತಿ ಬಂದ್ರೆ ಹೊರಟ ಜಾಗಕ್ಕೇ, ಒಲೆ ಮುಂದಕ್ಕೇ ಬಂದಿರ್ತೀರಿ."

ಕೊನೆಗೂ ಕಲಿತಳಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. "ಸರಿಯಾಗಿ ಹೇಳಿದೆ! ಮತ್ತೆ ಆ ಒಂದು ಅಂತಸ್ತು ಮೇಲೆ?"

"ಅದಕ್ಕೇ ಬಂದೆ. ಬೀಗಿತ್ತಿಯ ತಮ್ಮಂದಿರೂ ಕಲಿಯೋಕೆ ಬಂದಿದ್ದಾರೆ," ಎನ್ನುತ್ತಾ ಹಬೆಪಾತ್ರೆಯ ಇನ್ನೊಂದು ಅಂತಸ್ತನ್ನು ನನ್ನ ಕೈಗಿಟ್ಟಳು.