ಮರದ ಬುರುಡೆಯವನ ಬಗ್ಗೆ ನಿಮಗೆ ಗೊತ್ತಿಲ್ಲದ ಸಂಗತಿಗಳು

ಒಂದು ಒಗಟು. ಮರದ ತಲೆ, ಮೇಲೊಂದು ಜುಟ್ಟು. ಮೂರು ಕಣ್ಣು, ಒಂದರಲ್ಲೂ ಕಾಣಲ್ಲ. ಅಲ್ಲಾಡಿಸಿದರೆ ಒಳಗೆ ಸದ್ದು. ಯಾರು?

ತೆಂಗಿನಕಾಯಿ ಅಂದಿರಿ. ತಪ್ಪು. ಕೊಬ್ಬರಿ ಅಂದಿರಿ. ಅದೂ ತಪ್ಪು. ತಿಪಟೂರು ಸೀಮೆಯಲ್ಲಿ ಯಾವ ಒಗಟು ಹಾಕಿದರೂ ಜನ ಈ ಎರಡರಲ್ಲಿ ಒಂದು ಹೇಳುತ್ತಾರೆ, ಅರ್ಧ ಸಲ ಸರಿಯಾಗಿಯೂ ಇರುತ್ತದೆ. ಈ ಸಲ ಇಲ್ಲ. ನೀವು ಎಷ್ಟು ತಲೆ ಕೆರೆದುಕೊಂಡರೂ ಉತ್ತರ ಹೊಳೆಯಲ್ಲ. ಮುಂದೆ ನಾನೇ ಹೇಳುತ್ತೇನೆ.

ನಾನು ಬಾಯಿ ತೆಗೆದರೆ ಎಲ್ಲಾದರೂ ಏನಾದರೂ ಆಗುತ್ತದೆ. ನಾನೇನೂ ಮಾಡಿರಲ್ಲ, ಹೇಳಿರುತ್ತೇನೆ ಅಷ್ಟೇ. ಮಾಡೋರು ಬೇರೆಯವರು. ಆದರೂ ಬೈಗುಳ ನನ್ನ ಮನೆ ಹುಡುಕಿಕೊಂಡು ಬರುತ್ತದೆ.

ನಮ್ಮ ಬೀದಿಯಲ್ಲಿ ಒಂದು ಗೇಮ್ ಅಂಗಡಿ ಇದೆ. ಅಂಗಡಿ ಅಂದರೆ ಓನರಣ್ಣನ ಹಳೇ ಮನೆಯ ನಡುಮನೆ. ಮೇಲೆ ಅಟ್ಟ, ಅಟ್ಟದ ತುಂಬ ಕೊಬ್ಬರಿಯಾಗಲಿ ಅಂತ ಒಣಗಲು ಹಾಕಿದ ಕಾಯಿ. ಕೆಳಗೆ ದೊಡ್ಡ ಟಿವಿ. ಅಲ್ಲಿ ನಾವು ಆಡೋದು ಒಂದೇ ಆಟ. ಬೇರೆ ಬೇರೆ ಆಟಗಳಲ್ಲಿ ತಮ್ಮ ಪಾಡಿಗೆ ತಾವಿದ್ದ ಶೂರರನ್ನೆಲ್ಲ ಎಳೆದು ತಂದು ಒಂದೇ ಅಖಾಡಕ್ಕೆ ಬಿಟ್ಟು ಹೊಡೆದಾಡಿಸೋ ಆಟ. ಮದುವೆ ಮನೆಯಲ್ಲಿ ಎರಡೂ ಕಡೆ ನೆಂಟರು ಸೇರಿದ ಹಾಗೆ. ಆಗಾಗ ಹೊಸ ಭಾಗ ಬರುತ್ತದೆ, ಹೊಸ ಮುಖಗಳು ಸೇರಿಕೊಳ್ಳುತ್ತವೆ.

ಯಾರ ಮೇಲಾದರೂ ಗುಂಡಿ ಒತ್ತಿ ಹಿಡಿದರೆ ಅವರ ಪೂರ್ವಾಪರವೆಲ್ಲ ಇಂಗ್ಲಿಷಿನಲ್ಲಿ ಬರುತ್ತದೆ. ಮೊದಲ ದಿನ ಓನರಣ್ಣ ಕೇಳಿದ.

"ಯಾರಿಗ್ಲಾ ಇಂಗ್ಲಿಷ್ ಓದಕ್ಕೆ ಬತ್ತದೆ?"

ನಾನು ಕೈ ಎತ್ತಿದೆ.

"ನೀನು ಹತ್ತನೇ ಕ್ಲಾಸು ಎರಡು ಸಲ ಕೂತೋನಲ್ವೇನ್ಲಾ?"

"ಅದಕ್ಕೇ ಅಣ್ಣ. ಎರಡು ಸಲ ಓದಿದೀನಿ."

ನನಗೆ ಇಂಗ್ಲಿಷ್ ಅಕ್ಷರ ಎಲ್ಲ ಗೊತ್ತು. ಅವು ಒಟ್ಟಿಗೆ ಸೇರಿಕೊಂಡು ಏನು ಮಾತಾಡಿಕೊಳ್ಳುತ್ತವೆ ಅನ್ನೋದು ಮಾತ್ರ ಗೊತ್ತಿಲ್ಲ. ಓನರಣ್ಣ ಒಪ್ಪಿದ. "ಹುಡುಗ್ರಿಗೆ ಓದಿ ಹೇಳು, ಬಿಟ್ಟಿ ಆಡ್ಕೋ. ಆದ್ರೆ ನಿನ್ನ ಓದಿಂದ ನನ್ನ ಅಂಗಡಿಗೆ ಏನಾದ್ರೂ ಎಡವಟ್ಟಾಯ್ತು ಅಂದ್ರೆ, ಆವತ್ತಿಂದ ಈ ಹೊಸಲು ತುಳೀಬ್ಯಾಡ."

ಊರಲ್ಲಿ ಆ ಆಟ ಇರೋದು ಅಲ್ಲೊಂದೇ ಕಡೆ. ನಮ್ಮ ಮನೆಯಲ್ಲಿರೋ ಫೋನು ಅಮ್ಮನದು, ಗುಂಡಿ ಒತ್ತೋದು, ಅದರಲ್ಲಿ ಇರೋದು ಹಾವಿನ ಆಟ. ಆ ಹೊಸಲು ತಪ್ಪಿದರೆ ನಾನು ಹಾವಿಗೇ ಗತಿ. ಅದಕ್ಕೆ ಬಹಳ ಜೋಪಾನವಾಗಿ ಓದುತ್ತಿದ್ದೆ.

ಛತ್ರಿ ಅಜ್ಜಿಯ ಬದು

ಆಟದಲ್ಲಿ ಒಬ್ಬಳು ಅಜ್ಜಿ ಇದ್ದಾಳೆ, ಛತ್ರಿಯಲ್ಲಿ ಹೊಡೆಯುತ್ತಾಳೆ. ಇನ್ನೊಬ್ಬ ಕೊಂಬಿರೋನು, ಬಾಗಿಲಷ್ಟು ಅಗಲ. ಇವರಿಬ್ಬರನ್ನೂ ಎದುರಾಬದುರು ಹಾಕಿದರೆ ಹೊಡೆದಾಟಕ್ಕೆ ಮುಂಚೆ ಏನೋ ಕೂಗಾಡುತ್ತಾರೆ. ದಂಡಿನಶಿವರದಿಂದ ಬರುವ ನನ್ನ ಸ್ನೇಹಿತ ಕೇಳಿದ. "ಇವರಿಬ್ಬರಿಗೂ ಏನ್ ದ್ವೇಷ ಕಣ್ಲಾ? ಓದು."

ನಾನು ತೆರೆಯ ಮೇಲೆ ಬೆರಳಿಟ್ಟು ಓದಿದೆ. "ಇಬ್ಬರೂ ಅಕ್ಕಪಕ್ಕದ ತೋಟದೋರು. ಮರ ಅಜ್ಜೀದು. ಬಾಗಿರೋದು ಇವನ ಬದು ಮೇಲೆ. ಕಾಯಿ ಬೀಳೋದು ಇವನ ಕಡೆಗೆ."

ಎಲ್ಲರೂ ಆಟ ಆಡಿಸೋ ವೈರಿನ ರಿಮೋಟು ಕೆಳಗಿಟ್ಟರು. ವಿಷಯ ಗಂಭೀರವಾಗಿತ್ತು.

"ಹಂಗಾದ್ರೆ ಕಾಯಿ ಅಜ್ಜೀದೇ ಕಣ್ಲಾ" ಅಂದ ದಂಡಿನಶಿವರದವನು.

"ಹೆಂಗ್ಲಾ? ಬಿದ್ದ ಕಡೆಯೋರ್ದು" ಅಂತ ಹಿಂದಿನಿಂದ ಒಬ್ಬ.

ಓನರಣ್ಣನ ಹತ್ತಿರ ಕೊಬ್ಬರಿ ಮಾತಾಡಲು ಹಂದನಕೆರೆಯ ಮಾವ ಒಬ್ಬರು ಬಂದು ಜಗಲಿಯಲ್ಲಿ ಕೂತಿದ್ದರು. ಅವರು ಎದ್ದು ಒಳಗೆ ಬಂದರು. "ಬುಡ ಯಾರ ಕಡೆ ಐತಪ್ಪ?"

"ಅಜ್ಜಿ ಕಡೆ ಮಾವ."

"ಬೇರು?"

"ಬೇರಿನ ವಿಷ್ಯ ಬರೆದಿಲ್ಲ ಮಾವ."

"ಅದೇ ಮತ್ತೆ! ಬೇರು ಬದು ದಾಟಿ ಇವನ ನೀರು ಕುಡೀತಾ ಇದ್ರೆ? ಕೊಂಬಿನವನ ಮಾತಲ್ಲೂ ನ್ಯಾಯ ಐತೆ."

ಆಟ ಯಾಕೆ ನಿಂತಿದೆ ಅಂತ ಬೈಯಲು ಓನರಣ್ಣ ಬಂದ. ವಿಷಯ ಏನು ಅಂತ ಕೇಳಿದ. ಕೇಳಿ ಕುರ್ಚಿ ಎಳೆದುಕೊಂಡು ಕೂತ. "ಕಾಯಿ ಬುಡ್ರಿ ಅತ್ಲಾಗೆ. ಗರಿ ಬಿದ್ರೆ ಯಾರ್ದು?"

ಸಂಜೆಯಾಯಿತು. ಸರ್ವೆಯವರನ್ನ ಕರೆಸದೆ ಇದು ಬಗೆಹರಿಯಲ್ಲ ಅಂತ ಹಂದನಕೆರೆ ಮಾವ ತೀರ್ಮಾನ ಮಾಡಿದರು. ಅಷ್ಟು ಹೊತ್ತೂ ಟಿವಿಯಲ್ಲಿ ಅಜ್ಜಿ ಮತ್ತು ಕೊಂಬಿನವನು ಮುಖಾಮುಖಿ ನಿಂತು, ಮುಂದೆ ಹಿಂದೆ ತೂಗುತ್ತಾ, ಬರೀ ಉಸಿರಾಡುತ್ತಿದ್ದರು. ಅವರೂ ಸರ್ವೆಯವರನ್ನೇ ಕಾಯುತ್ತಿದ್ದಾರೆ ಅನ್ನಿಸಿತು.

ಕೊಂಬಿನವನ ಒಪ್ಪತ್ತು

ಆ ಕೊಂಬಿನವನ ಹಣೆ ಮೇಲೆ ಮೂರು ಬಿಳಿ ಗೆರೆ ಇವೆ. ಯುದ್ಧದ ಬಣ್ಣವೋ ಏನೋ. ನಾನು ಓದಿದೆ. "ಇವನು ಸೋಮವಾರ ಒಪ್ಪತ್ತು. ಹಸಿದಿರೋನ್ನ ಜೋರಾಗಿ ಹೊಡೀಬ್ಯಾಡಿ ಅಂತ ಕೆಳಗೆ ಸಣ್ಣಕ್ಷರದಲ್ಲಿ ಬರೆದವ್ರೆ."

ಆವತ್ತು ಸೋಮವಾರ. ನಾನು ಕೊಂಬಿನವನನ್ನೇ ಆರಿಸಿಕೊಂಡೆ. ಅಲ್ಲಿರೋ ಹುಡುಗರಲ್ಲಿ ಅರ್ಧ ಜನರ ಮನೆಯಲ್ಲಿ ಸೋಮವಾರ ಒಪ್ಪತ್ತು ಮಾಡುತ್ತಾರೆ. ಯಾರಿಗೂ ಅವನ ಮೇಲೆ ಕೈ ಬರಲಿಲ್ಲ. ಸುಮ್ಮನೆ ಅವನ ಸುತ್ತ ನೆಗೆದಾಡಿ ಸೋತರು. ಮುಂದಿನ ಸೋಮವಾರವೂ ನಾನೇ ಗೆದ್ದೆ.

ಅದರ ಮುಂದಿನ ಸೋಮವಾರ ಓನರಣ್ಣನ ತಾಯಿ ಒಳಮನೆಯಿಂದ ಬಂದರು. ಪೂಜೆ ಮುಗಿಸಿ, ಹಣೆ ತುಂಬ ವಿಭೂತಿ. ಟಿವಿ ಕಡೆ ಯಾವತ್ತೂ ನೋಡದವರು ಆವತ್ತು ನಿಂತು ನೋಡಿದರು.

"ಯಾರಪ್ಪಾ ಇದು? ಲಕ್ಷಣವಾಗಿ ವಿಭೂತಿ ಇಟ್ಕೊಂಡವ್ನೆ."

"ಒಪ್ಪತ್ತಂತೆ ಕಣಜ್ಜಿ" ಅಂದ ದಂಡಿನಶಿವರದವನು.

ಅಜ್ಜಿ ಮೆಚ್ಚಿ ಅಲ್ಲೇ ಕೂತರು. ಅದೇ ಹೊತ್ತಿಗೆ ಕೊಂಬಿನವನು ಛತ್ರಿ ಅಜ್ಜಿಯನ್ನು ತುರುಬು ಹಿಡಿದು ಎತ್ತಿ ನೆಲಕ್ಕೆ ಕುಕ್ಕಿದ.

"ಅಯ್ಯೋ ಶಿವನೇ! ವಯಸ್ಸಾದೋಳ್ನ ಹಿಂಗಾ ಮಾಡೋದು? ಯಾರ ಮನೆ ಮಗ ಇವ್ನು?"

"ಅವ್ನಲ್ಲ ಅಜ್ಜಿ, ಮಾಡಿಸ್ತಿರೋನು ಇವ್ನು" ಅಂತ ದಂಡಿನಶಿವರದವನು ನನ್ನ ಕೈಯಲ್ಲಿದ್ದ ರಿಮೋಟು ತೋರಿಸಿದ. ಇಂಥವರನ್ನ ನಾನು ಸ್ನೇಹಿತ ಅಂತ ಕರೆಯುತ್ತೇನೆ.

ಅಜ್ಜಿ ಕೊಂಬು, ಕೋರೆಹಲ್ಲು, ಮೂಗಿನ ಹೊಗೆ ಎಲ್ಲ ಇರೋ ಆ ಮುಖವನ್ನು ನಿಧಾನವಾಗಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಅದೇ ಅಂದ್ಕೊಂಡೆ. ಅವನನ್ನ ನೋಡಿದ್ರೆ ಹಂಗೆ ಕಾಣಲ್ಲ."

ಆವತ್ತಿನಿಂದ ಸೋಮವಾರ ಟಿವಿ ಮುಂದೆ ಒಂದು ಬಾಳೆಹಣ್ಣು ಇರುತ್ತದೆ. ನನಗಲ್ಲ.

ಹಸಿ ಮತ್ತು ಬಲಿತದ್ದು

ಈಗ ಒಗಟಿಗೆ ಬನ್ನಿ. ಹೊಸ ಭಾಗ ಬಂತು, ಅದರಲ್ಲಿ ಹೊಸಬ ಒಬ್ಬ. ತಲೆಗೆ ದುಂಡನೆಯ ಮರದ ಬುರುಡೆ ಹಾಕಿಕೊಂಡಿದ್ದಾನೆ, ಅದಕ್ಕೆ ಮೂರು ತೂತು, ಮೇಲೆ ನಾರಿನ ಜುಟ್ಟು. ತೂತು ಇರೋದು ಹಣೆ ಮೇಲೆ, ಹಾಗಾಗಿ ಒಂದರಲ್ಲೂ ಕಾಣಲ್ಲ. ಅವನನ್ನು ಮಾಡಿದವರು ನಮ್ಮ ಕಡೆ ಬಂದು ಹೋಗಿದ್ದರೋ ಏನೋ. ದಂಡಿನಶಿವರದವನಿಗೆ ಅವನ ಮೇಲೆ ಜೀವ. ಆದರೆ ಎಷ್ಟು ಗುಂಡಿ ಒತ್ತಿದರೂ ಅವನ ದೊಡ್ಡ ಏಟು ಬರುತ್ತಿರಲಿಲ್ಲ.

"ಸ್ಪೆಷಲ್ಲೇ ಬತ್ತಿಲ್ಲ ಕಣ್ಲಾ. ಏನ್ ಬರೆದವ್ರೆ ನೋಡು."

ನಾನು ಓದಿದೆ. "ಇವನ ಶಕ್ತಿಯೆಲ್ಲ ಬುರುಡೆ ಒಳಗೆ. ಬಲಿತಿದ್ರೆ ಬತ್ತದೆ. ಹಸಿ ಇದ್ರೆ ಬರಲ್ಲ."

ಬೇರೆ ಊರಾಗಿದ್ದರೆ ನಕ್ಕು ಬಿಡುತ್ತಿದ್ದರು. ಇಲ್ಲಿ ಅವನು ತಕ್ಷಣ ರಿಮೋಟನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ. ಅವರ ತಾತ ಅಟ್ಟದ ಕಾಯಿಯನ್ನು, ಒಳಗೆ ನೀರು ಆರಿ ಕೊಬ್ಬರಿ ಬಿಟ್ಟುಕೊಂಡಿದೆಯಾ ಅಂತ ಅಲ್ಲಾಡಿಸಿ ಕೇಳೋ ಹಾಗೆಯೇ. ಸದ್ದಿಲ್ಲ. ಪಕ್ಕದವನ ರಿಮೋಟು ಕಿತ್ತುಕೊಂಡು ಅಲ್ಲಾಡಿಸಿದ. ಲೊಡಲೊಡ ಅಂತು. ಒಳಗೆ ಒಂದು ಸ್ಕ್ರೂ ಬಿಚ್ಚಿಕೊಂಡಿತ್ತು. ಅದರಲ್ಲಿ ಒತ್ತಿದ. ಅವನ ಅದೃಷ್ಟಕ್ಕೆ ದೊಡ್ಡ ಏಟು ಬಂದೇ ಬಿಟ್ಟಿತು.

ಅಲ್ಲಿಗೆ ಮುಗಿಯಿತು. ಆ ಲೊಡಲೊಡ ರಿಮೋಟಿಗೆ ಜಗಳ ಶುರುವಾಯಿತು. ಅಂಗಡಿಗೆ ಬಂದವರೆಲ್ಲ ಮೊದಲು ರಿಮೋಟು ಕಿವಿಗಿಡೋರು. ಬೀದಿಯಲ್ಲಿ ಹೋಗೋರು ಬಗ್ಗಿ ನೋಡಿ, ಇವರೆಲ್ಲ ಯಾರ ಜೊತೆ ಫೋನಲ್ಲಿ ಮಾತಾಡ್ತಿದಾರೆ ಅಂತ ಕೇಳೋರು.

ಆಮೇಲೆ ಸದ್ದಿಲ್ಲದ ರಿಮೋಟುಗಳು ಒಂದೊಂದಾಗಿ ಕಾಣೆಯಾದವು. ಓನರಣ್ಣ ಹೆಗ್ಗಣ ಅಂದ. ಆಮೇಲೆ ಕಳ್ಳ ಅಂದ. ಬಾಗಿಲಿಗೆ ಹೊಸ ಬೀಗ ಹಾಕಿದ, ಹೊಸ ರಿಮೋಟು ತಂದ. ಹೊಸವು ಸ್ವಲ್ಪವೂ ಸದ್ದು ಮಾಡುತ್ತಿರಲಿಲ್ಲ. ಅವು ಇನ್ನೂ ಬೇಗ ಕಾಣೆಯಾದವು.

ಕಾಯಿ ಇಳಿಸೋ ಕಾಲ ಬಂತು. ಕಾಯಿ ಸುಲಿಯೋರು ಅಟ್ಟ ಹತ್ತಿ ಒಂದೊಂದೇ ಕೆಳಗೆ ಎಸೆಯುತ್ತಿದ್ದರು. ನಡುವೆ ನಿಲ್ಲಿಸಿ ಒಬ್ಬರು ಕೂಗಿದರು.

"ಯಜಮಾನ್ರೇ, ಈ ಕಾಯಿಗೆ ಬಾಲ ಐತೆ!"

ಓನರಣ್ಣ ಏಣಿ ಹತ್ತಿ ನೋಡಿದ. ಕಾಯಿ ರಾಶಿಯ ಮಧ್ಯೆ ರಿಮೋಟುಗಳೆಲ್ಲ ಸಾಲಾಗಿ, ಗಾಳಿಯಾಡೋ ಹಾಗೆ ಬಿಡಿಸಿ ಇಟ್ಟಿದ್ದವು. ಒಂದರ ವೈರನ್ನು ಹೆಗ್ಗಣ ಅರ್ಧ ತಿಂದಿತ್ತು.

"ಯಾರ್ಲಾ ಇದನ್ನ ಅಟ್ಟಕ್ಕೆ ಹಾಕಿದ್ದು?"

ದಂಡಿನಶಿವರದವನು ಧೈರ್ಯವಾಗಿ ಎದ್ದು ನಿಂತ.

"ಇನ್ನೂ ಹಸಿ ಇದ್ವು ಕಣಣ್ಣ. ಒಣಗಲಿ ಅಂತ."

ತುರುವೇಕೆರೆಯ ಓದು

ಓನರಣ್ಣ ಅವನನ್ನು ಬಿಟ್ಟು ನನ್ನ ಕಡೆ ತಿರುಗಿದ. "ನೀನು ಓದಿದ್ದು ಅಲ್ಲಿ ನಿಜವಾಗ್ಲೂ ಬರೆದೈತೇನ್ಲಾ?"

"ಅಕ್ಷರ ಅಕ್ಷರ ಐತೆ ಅಣ್ಣ."

"ಆಯ್ತು. ತುರುವೇಕೆರೆಯಿಂದ ನನ್ನ ತಂಗಿ ಮಗಳು ಭಾನುವಾರ ಬತ್ತಾಳೆ. ಕಾಲೇಜಲ್ಲಿ ಇಂಗ್ಲಿಷೇ ಓದ್ತಾವ್ಳೆ. ಅವಳ ಕೈಲಿ ಓದಿಸ್ತೀನಿ. ಒಂದು ಮಾತು ಅಲ್ಲಿಲ್ದೇ ಹೋದ್ರೆ, ನೀನು ಈ ಹೊಸಲು ಮರ್ತುಬುಡು."

ಭಾನುವಾರ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಓನರಣ್ಣನ ತಾಯಿ ಕುರ್ಚಿ ಹಾಕಿಸಿಕೊಂಡು ಮುಂದೆ ಕೂತಿದ್ದರು. ಬದುವಿನ ತೀರ್ಪು ಏನಾದರೂ ಬರೆದಿದೆಯಾ ಅಂತ ಹಂದನಕೆರೆ ಮಾವನೂ ಬಂದಿದ್ದರು. ನಾನು ಚಪ್ಪಲಿ ಬಾಗಿಲ ಕಡೆ ತಿರುಗಿಸಿ ಬಿಟ್ಟು ಒಳಗೆ ಹೋಗಿದ್ದೆ.

ಆಕೆ ಕನ್ನಡಕ ಏರಿಸಿಕೊಂಡು ಮೊದಲು ಮನಸ್ಸಿನಲ್ಲೇ ಓದಿಕೊಂಡಳು. "ಹೂಂ" ಅಂದಳು. ಇನ್ನೂ ಓದಿ "ಓಹೋ" ಅಂದಳು. ನಾನು ಚಪ್ಪಲಿ ಕಡೆ ಒಂದು ಹೆಜ್ಜೆ ಸರಿದೆ.

"ಏನ್ ಬರೆದವ್ರೆ ಹೇಳವ್ವ" ಅಂದ ಓನರಣ್ಣ.

"ಇವನು ಇನ್ನೊಂದು ಆಟದಲ್ಲಿ ತೋಟ ಕಾಯ್ತಿದ್ದೋನು ಮಾವ. ಒಂದು ವರ್ಷ ಅಟ್ಟದ ಮೇಲೆ ಮಲಗಿದ್ನಂತೆ. ಇವನ ಶಕ್ತಿಯೆಲ್ಲ ಬುರುಡೆ ಒಳಗೇ ಇರೋದು."

"ಅಲ್ಲಾಡಿಸಿ ನೋಡೋದು?"

"ಅದೂ ಬರೆದವ್ರೆ. ಲೊಡಲೊಡ ಅನ್ಬೇಕು. ಇಲ್ದಿದ್ರೆ ಹಸಿ."

"ಬೇರಿನ ವಿಷ್ಯ?" ಅಂದರು ಹಂದನಕೆರೆ ಮಾವ.

"ಮುಂದಿನ ಭಾಗದಲ್ಲಿ ಹೇಳ್ತಾರಂತೆ."

ಓನರಣ್ಣ ನನ್ನನ್ನು ನೋಡಿದ, ತೆರೆ ನೋಡಿದ. ಅಟ್ಟದಿಂದ ಇಳಿಸಿಟ್ಟಿದ್ದ ಹೊಸ ರಿಮೋಟೊಂದನ್ನು ಕೈಗೆ ತೆಗೆದುಕೊಂಡ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದ. ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಅಲ್ಲಾಡಿಸಿದ.

"ಆತುರಪಟ್ಟು ಇಳಿಸಿಬುಟ್ಟೆ ಕಣ್ಲಾ" ಅಂದ. ಏಣಿ ಎಳೆದು ಹಾಕಿ, ರಿಮೋಟುಗಳನ್ನೆಲ್ಲ ಟವೆಲಿನಲ್ಲಿ ಕಟ್ಟಿಕೊಂಡು, ತಾನೇ ಅಟ್ಟ ಹತ್ತಿದ.

ಕೆಳಗಿನಿಂದ ಅವರ ತಾಯಿ ಕೂಗಿದರು. "ಹೆಗ್ಗಣ ಬರ್ದಂಗೆ ಮುಚ್ಚಪ್ಪ!"

ಇಷ್ಟೇ ಕತೆ. ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಒಂದು ವಿಷಯ ಇದೆ. ಇವತ್ತು ಶನಿವಾರ. ಆಕೆ ನಾಳೆ ಬೆಳಗಿನ ಬಸ್ಸಿಗೆ ಬರುತ್ತಾಳೆ. ಭಾನುವಾರದ್ದೆಲ್ಲ ನಾನು ಕಟ್ಟಿದ್ದು. ನಾಳೆ ಸಂಜೆ ಯಾರಾದರೂ ನಿಮಗೆ ಬೇರೆ ಥರ ಹೇಳಿದರೆ, ಅವರಿಗೆ ಇಂಗ್ಲಿಷ್ ಸರಿಯಾಗಿ ಬರಲ್ಲ ಅಂತ ತಿಳಿದುಕೊಳ್ಳಿ.