ಇಲ್ಲದ ದೇಶದ ಹೊಳೆ

ಇರುವ ಊರಿಗೆ ದಾರಿ ಹೇಳುವುದರಲ್ಲೇ ನಾನು ಹಿಂದೆ. ಲಿಂಗಸುಗೂರಿನಲ್ಲಿ ಸಂಸಾರ ಹೂಡಿ ಇಷ್ಟು ವರ್ಷವಾದರೂ ಮನೆಗೆ ಬರುವವರಿಗೆ ಎಡಕ್ಕೆ ತಿರುಗಿ ಅಂತ ಹೇಳಿ ಬಲಗೈ ತೋರಿಸುತ್ತೇನೆ. ಅಂಥವಳು ಇಲ್ಲದ ದೇಶವೊಂದರ ನಕ್ಷೆ ಬರೆಯಲು ಕೂತೆ ಎಂದರೆ ನೀವು ನಗುವುದು ಸಹಜ. ನಕ್ಕುಬಿಡಿ. ನನಗಂತೂ ಆ ವಾರವಿಡೀ ಖುಷಿಗೆ ಊಟವೇ ಸೇರಲಿಲ್ಲ.

ಸಂಗತಿ ಏನೆಂದರೆ, ನಾನು ಮಕ್ಕಳಿಗೊಂದು ಕಾದಂಬರಿ ಬರೆದಿದ್ದೆ. ಮೇಲ್ನಾಡಿನ ದುಷ್ಟ ರಾಣಿ ಹೊಳೆಯ ನೀರು ತಡೆದು ಕೆಳನಾಡನ್ನು ಒಣಗಿಸುವ ಕಥೆ. ಪ್ರಕಾಶಕರು ಒಪ್ಪಿ, "ಸೋಮವಾರದೊಳಗೆ ಆ ದೇಶದ ನಕ್ಷೆ ಕಳಿಸಿದರೆ ಅಚ್ಚಿಗೆ, ಇಲ್ಲವಾದರೆ ಮುಂದಿನ ವರ್ಷ ನೋಡೋಣ" ಎಂದಿದ್ದರು. ಮೊದಲ ಪುಸ್ತಕ ಸ್ವಾಮಿ, ಮುಂದಿನ ವರ್ಷದವರೆಗೆ ಕಾಯುವ ತಾಳ್ಮೆ ನನಗೆಲ್ಲಿದೆ.

ಮೊಬೈಲಿಗೆ ನಕ್ಷೆ ಬರೆಯುವ ಆ್ಯಪ್ ಇಳಿಸಿಕೊಂಡೆ. ಅದರಲ್ಲಿ ಬೆರಳಿಟ್ಟಲ್ಲೆಲ್ಲ ಗುಡ್ಡ ಏಳುತ್ತಿತ್ತು. ರೊಟ್ಟಿ ಹಿಟ್ಟಿನ ಕೈಯಲ್ಲಿ ಮುಟ್ಟಿ ರಾಜಧಾನಿಯ ಮೇಲೆ ಹನ್ನೆರಡು ಗುಡ್ಡ ಎಬ್ಬಿಸಿದ ಮೇಲೆ ಕಾಗದಕ್ಕೇ ಶರಣಾದೆ. ವಿಡಿಯೊ ನೋಡಿ ಕಲಿತ ಉಪಾಯಗಳಿಗೆ ಮಾರುಹೋದೆ. ಹಾಳೆ ಹಳೆಯದಾಗಿ ಕಾಣಬೇಕಾದರೆ ಚಹಾದ ಡಿಕಾಕ್ಷನ್ನಿನಲ್ಲಿ ಅದ್ದಿ ಒಣಗಿಸಬೇಕು. ಗುಡ್ಡದ ಒಂದೇ ಮಗ್ಗುಲಿಗೆ ಗೆರೆ ಎಳೆದರೆ ಬಿಸಿಲು ಬಿದ್ದಂತೆ ಎದ್ದು ನಿಲ್ಲುತ್ತದೆ. ಕರಾವಳಿಗೆ ಮಾತ್ರ ಒಂದು ಹಿಡಿ ಬೇಳೆ ಹಾಳೆಯ ಮೇಲೆ ಚೆಲ್ಲಿ, ಅದು ಹರಡಿದ ಅಂಚಿನ ಸುತ್ತ ಪೆನ್ಸಿಲ್ ಎಳೆಯುವುದು. ನಮ್ಮ ಕೈಗೆ ಬಾರದ ಕೊಲ್ಲಿ, ಭೂಶಿರ ಎಲ್ಲ ತಾವೇ ಹುಟ್ಟುತ್ತವೆ. ನಾನು ಹಾಗೆ ಖಂಡ ಸೃಷ್ಟಿಸುತ್ತಿದ್ದಾಗ ಗಂಡ ಬಂದು, "ಬ್ಯಾಳಿ ಹಸನ ಮಾಡಾಕತ್ತೀಯೇನು? ಹುಳ ಬಿದ್ದಾವೇನು?" ಅಂದರು. "ದೇಶ ಮಾಡಾಕತ್ತೀನ್ರೀ" ಅಂದೆ. "ಮಾಡು, ಸಾರಿಗಿ ಒಂದೀಟು ಉಳಸು" ಅಂತ ಹೊರಟರು.

ಊರುಗಳಿಗೆ ಹೆಸರು ಸಾಲದೆ, ಸಿಂಧನೂರಿನ ತವರಿಗೆ ಹೋಗುವ ಬಸ್ಸಿನಲ್ಲಿ ಕೂತು ಬೋರ್ಡುಗಳನ್ನೆಲ್ಲ ತಿರುವಿ ಓದಿದೆ. ಮಸ್ಕಿ 'ಸ್ಕಿಮ' ಆಯಿತು. ಸಿಂಧನೂರು 'ರುನೂಧಸಿಂ' ಆಗಿ ರಾಕ್ಷಸನ ಹೆಸರಿನಂತೆ ಕೇಳಿಸಿದ್ದಕ್ಕೆ ಅದನ್ನು ರಾಣಿಯ ಸೇನಾಪತಿಗೆ ಕೊಟ್ಟೆ.

ಭಾನುವಾರ ಮಧ್ಯಾಹ್ನ ನಕ್ಷೆ ಮುಗಿಯಿತು. ಕುಣಿಯುತ್ತ ಹೋಗಿ ಅತ್ತೆಗೆ ತೋರಿಸಿದೆ. ಅವರು ಗುರುಗುಂಟಾ ಕಡೆಯವರು, ಮಳೆಯ ಹಳ್ಳ ನೋಡಿ ಬೆಳೆದವರು. ಕನ್ನಡಕ ಏರಿಸಿ, ಗುಡ್ಡದಿಂದ ಕೆಳಗೆ ಬೆರಳು ಜಾರಿಸುತ್ತ ಬಂದರು.

"ಈ ಹೊಳಿ ಯಾಕ ಬೇ ಹೋಗ್ತಾ ಹೋಗ್ತಾ ಒಡದೈತಿ?"

"ಹೊಳಿ ಹಂಗ ಅಲ್ಲೇನ್ರೀ ಅತ್ತಿ? ಒಂದು ಎರಡಾಗಿ, ಎರಡು ನಾಕಾಗಿ ಹೋಗತೈತಿ."

"ಎಲ್ಲಿ ನೋಡೀದಿ ಇಂಥಾ ಹೊಳಿ? ಹಳ್ಳ ಹಳ್ಳ ಕೂಡಿ ಹೊಳಿ ಆಗತೈತಿ. ನೀ ಬರದಿದ್ದು ಕಾಲುವಿ."

ಅವರ ಮಾತು ನಿಜ. ಸಿಂಧನೂರಿನ ತವರಿನಲ್ಲಿ ಹುಟ್ಟಿದಾಗಿನಿಂದ ನಾನು ಕಂಡದ್ದು ಕಾಲುವೆಯ ನೀರು. ದೊಡ್ಡ ಕಾಲುವೆ, ಅದರಿಂದ ಉಪಕಾಲುವೆ, ಅದರಿಂದ ಹೊಲಗಾಲುವೆ. ನೀರೆಂದರೆ ಒಡೆಯುತ್ತ ಹೋಗಿ, ಟೇಲೆಂಡಿನವರ, ಅಂದರೆ ಕಾಲುವೆಯ ತುದಿಯವರ, ಗದ್ದೆ ಮುಟ್ಟುವ ಮೊದಲೇ ಮುಗಿಯುವುದು. ಈಗ ಹೊಳೆಗಳನ್ನು ಕೂಡಿಸಿದರೆ, ರಾಣಿ ಒಂದನ್ನು ತಡೆದರೂ ಇನ್ನೊಂದು ಹರಿದು ಕೆಳನಾಡಿಗೆ ಬಂದುಬಿಡುತ್ತದೆ. ಇಡೀ ಕಥೆಯೇ ನೀರುಪಾಲು. ನಾನು ಅಳುವುದೊಂದು ಬಾಕಿ.

"ಹೊಳಿ ಅನ್ನೂದು ಅಳಸಿ ಕಾಲುವಿ ಅಂತ ಬರಿ, ಮುಗೀತಲ್ಲ" ಅಂದರು ಅತ್ತೆ.

ರಬ್ಬರು ಹಿಡಿದು ಅಳಿಸಿ ಬರೆದೆ. ಒಂದೇ ಪದಕ್ಕೆ ಪುಸ್ತಕ ಬದುಕಿತು. ಅತ್ತೆಯನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಅವರ ಬೆರಳು ಮಾತ್ರ ಇನ್ನೂ ರಾಣಿಯ ಅರಮನೆಯ ಮೇಲಿತ್ತು, ಕಾಲುವೆಯ ಮೊದಲ ತೂಬಿನ ಪಕ್ಕದಲ್ಲಿ.

"ನಿಮ್ಮಪ್ಪನ ಗದ್ದಿ ಎಲ್ಲಿ ಬರತೈತಿ ಬೇ, ಮ್ಯಾಲೋ ಕೆಳಗೋ?"

"ಮ್ಯಾಲ್ರೀ. ಮೊದಲನೇ ತೂಬಿಗಿ."

"ಹೌದೇನು" ಅಂದವರು ಕನ್ನಡಕ ತೆಗೆದು ಒಳಗೆ ಹೋದರು. ನೀರಿಲ್ಲದೆ ಕೆಳಗಿನ ಗದ್ದೆಯವರು ನಮ್ಮ ಅಂಗಳಕ್ಕೆ ಬಂದು ಕೂಗಾಡುತ್ತಿದ್ದದ್ದು, ಅಪ್ಪ ಕಟ್ಟೆಯ ಮೇಲೆ ಕೂತು "ನಮ್ದು ತುಂಬ್ಲಿ, ಆಮ್ಯಾಲ ಬಿಡ್ತೀವಿ" ಅನ್ನುತ್ತಿದ್ದದ್ದು ಎಲ್ಲ ನೆನಪಾಯಿತು. ರಾಣಿಯ ಬಾಯಲ್ಲಿ ನಾನು ಹಾಕಿದ್ದ ಮಾತೂ ಹೆಚ್ಚುಕಡಿಮೆ ಅದೇ. ಅದನ್ನು ಬರೆದಾಗ ನನ್ನ ಕಲ್ಪನಾಶಕ್ತಿಗೆ ನಾನೇ ಬೆರಗಾಗಿದ್ದೆ.

ನಕ್ಷೆ ಸೋಮವಾರ ಹೋಯಿತು, ಪುಸ್ತಕ ಅಚ್ಚಾಗಿದೆ. ಅರ್ಪಣೆಯ ಪುಟದಲ್ಲಿ 'ನನ್ನ ಅಪ್ಪನಿಗೆ' ಎಂದಿದೆ. ಅಪ್ಪ ಪುಸ್ತಕದ ಬಿಡುಗಡೆಗೆ ಹೊಸ ಅಂಗಿ ಹೊಲಿಸಿದ್ದಾರಂತೆ. ನಿನ್ನೆ ಫೋನ್ ಮಾಡಿ, "ಕೆಳಗಿನ ಗದ್ದಿಯವರ್ನೂ ಕರ್ಕೊಂಡು ಬರ್ತೀನಿ, ನನ್ನ ಮಗಳು ಏನ್ ಬರದಾಳಂತ ಅವರೂ ಓದ್ಲಿ" ಅಂದರು. ಬೇಡ ಅನ್ನಲು ಬಾಯಿ ಬರಲಿಲ್ಲ. ಆ ನೀರಿನ ಭತ್ತದ ಅನ್ನ ಉಂಡೇ ಬೆಳೆದ ಬಾಯಿ ಇದು.